ಹೊಕ್ಕುಳು ತಗ್ಗೋ, ಉಬ್ಬೋ? ಇಪ್ಪತ್ತು ಚಿಪ್ಪುಗಳ ಪೆಟ್ಟಿಗೆಯ ವಿಮರ್ಶೆ

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಈಗ ಒಂದು ಚಿಪ್ಪಿನ ಪೆಟ್ಟಿಗೆ ಸಿಗುತ್ತಿದೆ. ಇಪ್ಪತ್ತು ಖಾನೆ, ಖಾನೆಗೊಂದು ಚಿಪ್ಪು, ಮುಚ್ಚಳದ ಒಳಮೈಗೆ ಅಂಟಿಸಿದ ಕನ್ನಡ ಪದಪಟ್ಟಿ. ಪಿಯು ಮತ್ತು ಬಿಎಸ್ಸಿ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ಗೆಂದೇ ಮಾಡಿದ್ದು. ಬೆಲೆ 2,400 ರೂಪಾಯಿ, ಚೌಕಾಶಿ ಮಾಡಿದರೆ ನೂರಿನ್ನೂರು ಇಳಿಯುತ್ತದೆ. ಮೊದಲೇ ಹೇಳಿಬಿಡುವುದಾದರೆ, ಚಿಪ್ಪುಗಳಿಗೆ ಐದರಲ್ಲಿ ನಾಲ್ಕು ಅಂಕ, ಪದಪಟ್ಟಿಗೆ ಎರಡು, ಪೆಟ್ಟಿಗೆಯ ಕಟ್ಟಿಗೆಗೆ ಒಂದು. ತಗೊಳ್ಳಬಹುದು. ಆದರೆ ಪಟ್ಟಿಯನ್ನು ಹಾಗೇ ನಂಬಿ ಹುಡುಗರಿಗೆ ಬರೆಸಬೇಡಿ.

ಚಿಪ್ಪುಗಳ ಆಯ್ಕೆ ನಿಜಕ್ಕೂ ಚಲೋ ಇದೆ. ನಮ್ಮ ಕೆರೆ, ಕಾಲುವೆ, ನದಿಗಳಲ್ಲಿ ಸಿಗುವ ಪೈಲಾ, ಬೆಲ್ಲಾಮಿಯಾ, ತಟ್ಟೆಯಾಕಾರದ ಇಂಡೊಪ್ಲಾನಾರ್ಬಿಸ್, ಸಿಹಿನೀರಿನ ಕಪ್ಪೆಚಿಪ್ಪು ಲ್ಯಾಮೆಲ್ಲಿಡೆನ್ಸ್ ಇವೆ. ತೋಟಗಳಿಗೆ ಪೀಡೆಯಾಗಿರುವ ಆಫ್ರಿಕದ ದೈತ್ಯ ಬಸವನಹುಳುವಿನ ಖಾಲಿ ಚಿಪ್ಪಿದೆ. ಸಮುದ್ರದವುಗಳಲ್ಲಿ ಉದ್ದಕ್ಕೆ ಸೀಳಿದ ಶಂಖ, ಕವಡೆ, ಟರ್ಬೋ, ನ್ಯಾಟಿಕಾ, ಸ್ಕಾಲಪ್, ವೀನಸ್ ಜಾತಿಯ ಕಪ್ಪೆಚಿಪ್ಪು ಮತ್ತು ‘ಸೂರ್ಯಗಡಿಯಾರ’ ಎಂದು ಕರೆಸಿಕೊಳ್ಳುವ ಆರ್ಕಿಟೆಕ್ಟೋನಿಕಾ. ನಾಟಿಲಸ್ ಅಸಲಿಯಲ್ಲ, ರಾಳದ ಅಚ್ಚು. ಅದು ಕೊರತೆಯಲ್ಲ, ಶಿಸ್ತು: ನಾಟಿಲಸ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಯಾರಾದರೂ ‘ಅಸಲಿ ನಾಟಿಲಸ್ ಕೊಡ್ತೀವ್ರಿ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಈಗ ಪದಪಟ್ಟಿ. ಅದರ ಮೊದಲ ಸಾಲಿನಲ್ಲೇ ಎಡವಟ್ಟಾಗಿದೆ. ‘ಅಂಬಿಲಿಕಸ್: ನಾಭಿ’ ಎಂದಿದೆ, ಬಾಣದ ಗುರುತು ಆರ್ಕಿಟೆಕ್ಟೋನಿಕಾದ ಬುಡದ ತಗ್ಗಿಗಿದೆ. ಅಲ್ಲಿಗೆ ಸರಿ. ನಾಲ್ಕು ಸಾಲು ಕೆಳಗೆ ‘ಅಂಬೋ: ನಾಭಿ’ ಎಂದಿದೆ, ಬಾಣ ಕಪ್ಪೆಚಿಪ್ಪಿನ ನೆತ್ತಿಯ ಉಬ್ಬಿಗಿದೆ. ಒಂದೇ ಕನ್ನಡ ಪದ, ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು. ಪರೀಕ್ಷೆಯಲ್ಲಿ ಹುಡುಗ ಲ್ಯಾಮೆಲ್ಲಿಡೆನ್ಸ್ ಚಿತ್ರ ಬರೆದು ‘ಅಂಬಿಲಿಕಸ್’ ಎಂದು ಗುರುತಿಸಿದರೆ ಅಂಕ ಹೋಯಿತು. ಕಪ್ಪೆಚಿಪ್ಪಿಗೆ ಅಂಬಿಲಿಕಸ್ ಎಂಬುದೇ ಇಲ್ಲ. ಸುರುಳಿ ಸುತ್ತಿದ ಚಿಪ್ಪಿಗೆ ಮಾತ್ರ ಅದು ಇರುತ್ತದೆ.

ಲ್ಯಾಟಿನ್ನಿನ ಅರ್ಥ ಗೊತ್ತಿದ್ದರೆ ಈ ಗೊಂದಲ ಹುಟ್ಟುವುದೇ ಇಲ್ಲ. ಅಂಬಿಲಿಕಸ್ ಎಂದರೆ ಹೊಕ್ಕುಳು, ಹೊಟ್ಟೆಯ ನಡುವಿನ ತಗ್ಗು. ಅಂಬೋ ಎಂದರೆ ಗುರಾಣಿಯ ನಟ್ಟನಡುವೆ ಎದ್ದಿರುವ ಲೋಹದ ಗುಬ್ಬಿ. ಹೊಡೆತ ಬಿದ್ದರೆ ಜಾರಿಹೋಗಲೆಂದು ಮಾಡಿದ ಉಬ್ಬು. ತಗ್ಗು ಕಂಡರೆ ಅಂಬಿಲಿಕಸ್, ಉಬ್ಬು ಕಂಡರೆ ಅಂಬೋ. ಪಟ್ಟಿಯ ‘ಮೂಲ’ ಎಂಬ ಕಾಲಂನಲ್ಲಿ ಮತ್ತೊಂದು ತಪ್ಪಿದೆ: ಎರಡೂ ಪದಗಳು ‘ಅಂಬ್ರ’, ಅಂದರೆ ನೆರಳು ಎಂಬುದರಿಂದ ಬಂದವಂತೆ. ತಗ್ಗಿನಲ್ಲಿ ಕತ್ತಲೆ ಇರುತ್ತದಲ್ಲ ಎಂದು ಯಾರೋ ಊಹಿಸಿರಬೇಕು. ಛತ್ರಿಯ ಇಂಗ್ಲಿಷ್ ಹೆಸರಿಗೆ ಅಂಬ್ರ ಮೂಲ ಹೌದು, ಹೊಕ್ಕುಳಿಗಲ್ಲ.

ತಮಾಷೆ ಎಂದರೆ, ಪಟ್ಟಿ ಬರೆದವರು ‘ನಾಭಿ’ ಎಂದು ಎರಡಕ್ಕೂ ಬರೆದದ್ದು ಅಂಗರಚನೆಯಲ್ಲಿ ತಪ್ಪಾದರೂ ವಂಶಾವಳಿಯಲ್ಲಿ ಸರಿ. ಅಂಬಿಲಿಕಸ್, ಅಂಬೋ, ಗ್ರೀಕಿನ ಓಂಫಾಲೋಸ್, ಸಂಸ್ಕೃತದ ನಾಭಿ, ಎಲ್ಲವೂ ಒಂದೇ ಹಳೆಯ ಬೇರಿನ ಕುಡಿಗಳು. ನಮ್ಮೂರಿನ ಉರ್ದು ಮಾತಿನ ‘ನಾಫ್’ ಪಾರ್ಸಿಯಿಂದ ಬಂದದ್ದು. ಅದೂ ಇದೇ ಮನೆತನದ್ದು. ಸಂಸ್ಕೃತದ ನಾಭಿಗೆ ಹೊಕ್ಕುಳು ಎಂಬ ಅರ್ಥದ ಜೊತೆಗೆ ಬಂಡಿಗಾಲಿಯ ಗುಂಭ ಎಂಬ ಅರ್ಥವೂ ಇದೆ, ಗುಂಭ ಉಬ್ಬಿರುತ್ತದೆ. ಹಾಗಾಗಿ ‘ನಾಭಿ’ ಈ ಕೆಲಸಕ್ಕೆ ಕೆಟ್ಟ ಪದ, ಎರಡೂ ಕಡೆ ಹೊರಳುತ್ತದೆ. ಕನ್ನಡದ್ದೇ ಆದ ‘ಹೊಕ್ಕುಳು’ ತಗ್ಗನ್ನು ಮಾತ್ರ ಹೇಳುತ್ತದೆ. ಅಂಬಿಲಿಕಸ್‌ಗೆ ‘ಹೊಕ್ಕುಳು’, ಅಂಬೋಗೆ ‘ನೆತ್ತಿಯುಬ್ಬು’ ಎಂದು ಪಟ್ಟಿಯ ಮೇಲೆಯೇ ಪೆನ್ನಿನಲ್ಲಿ ತಿದ್ದಿಬಿಡಿ. ಎರಡು ನಿಮಿಷದ ಕೆಲಸ.

ರೋಮನ್ನರು ಈ ಪದವನ್ನು ಹೊಟ್ಟೆಗೆ ಮಾತ್ರ ಮೀಸಲಿಟ್ಟಿರಲಿಲ್ಲ. ಸುರುಳಿ ಸುತ್ತಿಟ್ಟ ಪುಸ್ತಕದ ನಡುಗೋಲಿನ ತುದಿಗೂ ಅಂಬಿಲಿಕಸ್ ಎನ್ನುತ್ತಿದ್ದರು; ‘ಅಂಬಿಲಿಕಸ್‌ವರೆಗೆ ತಂದ’ ಎಂದರೆ ಬರೆದು ಮುಗಿಸಿದ ಎಂದು. ಸುರುಳಿ, ಅದರ ನಡುವಿನ ಅಕ್ಷ, ಅಕ್ಷದ ತುದಿಯ ತೂತು: ಬಸವನಹುಳುವಿನ ಚಿಪ್ಪಿಗೆ ಇದಕ್ಕಿಂತ ಒಪ್ಪುವ ಹೋಲಿಕೆ ಬೇಕೆ? ಚಿಪ್ಪಿನೊಡನೆ ಈ ಪದದ ನಂಟೂ ಹಳೆಯದು. ಸಿಪಿಯೊ, ಲೇಲಿಯಸ್ ಎಂಬಿಬ್ಬರು ದೊಡ್ಡ ಮನುಷ್ಯರು ಬಿಡುವಿನಲ್ಲಿ ಕಡಲ ದಂಡೆಯಲ್ಲಿ ‘ಕೊಂಕಾ’ (ಚಿಪ್ಪು)ಗಳನ್ನೂ ‘ಅಂಬಿಲಿಕಸ್’ಗಳನ್ನೂ ಮಕ್ಕಳ ಹಾಗೆ ಆಯುತ್ತಿದ್ದರೆಂದು ರೋಮನ್ ವಾಗ್ಮಿ ಸಿಸೆರೊ ಕ್ರಿ.ಪೂ. 55ರಲ್ಲಿ ಬರೆದಿದ್ದಾನೆ. ಅಲ್ಲಿನ ಕೊಂಕಾ ನಮ್ಮ ಶಂಖದ ಬಂಧು.

ಇನ್ನು ಚಿಪ್ಪಿನಲ್ಲಿ ಹೊಕ್ಕುಳು ಆಗುವುದು ಹೇಗೆ? ಒಂದು ಹಗ್ಗವನ್ನು ಬೆರಳಿನ ಸುತ್ತ ಬಿಗಿಯಾಗಿ ಸುತ್ತಿ ಬೆರಳು ತೆಗೆಯಿರಿ. ನಡುವೆ ಉಳಿಯುವ ಪೊಳ್ಳೇ ಹೊಕ್ಕುಳು. ಬೆರಳಿಲ್ಲದೆ ಹಗ್ಗದ ಒಳಮೈಗಳು ಒಂದಕ್ಕೊಂದು ತಾಗುವಂತೆ ಸುತ್ತಿದರೆ ನಡುವೆ ಪೊಳ್ಳಿಲ್ಲ, ಗಟ್ಟಿ ಕಂಬವಾಗುತ್ತದೆ. ಆ ಕಂಬದ ಹೆಸರು ಕೊಲುಮೆಲ್ಲ. ಲ್ಯಾಟಿನ್ನಿನಲ್ಲಿ ‘ಚಿಕ್ಕ ಕಂಬ’ ಎಂದೇ ಅರ್ಥ. ಪೆಟ್ಟಿಗೆಯಲ್ಲಿ ಎರಡಕ್ಕೂ ಒಳ್ಳೆಯ ಉದಾಹರಣೆ ಇದೆ. ಆರ್ಕಿಟೆಕ್ಟೋನಿಕಾವನ್ನು ಬುಡ ಮೇಲಾಗಿ ಹಿಡಿದು ಮೊಬೈಲ್ ಟಾರ್ಚ್ ಬಿಟ್ಟರೆ ತೂತಿನ ಗೋಡೆಯ ಮೇಲೆ ಒಂದೊಂದು ಸುತ್ತೂ ಮೆಟ್ಟಿಲಿನಂತೆ ಮೇಲಕ್ಕೆ ಹೋಗುವುದು ಕಾಣುತ್ತದೆ. ಅಂಚಿನಲ್ಲಿ ಹಲ್ಲುಗಳ ಸಾಲು. ಲಿನಿಯಸ್ 1758ರಲ್ಲಿ ಇದರ ಒಂದು ಜಾತಿಗೆ ‘ಪರ್ಸ್ಪೆಕ್ಟಿವ’ ಎಂಬ ಹೆಸರಿಟ್ಟ. ಸೀಳಿದ ಶಂಖ ಇದಕ್ಕೆ ತದ್ವಿರುದ್ಧ, ಉದ್ದಕ್ಕೂ ಗಟ್ಟಿ ಕಂಬ, ಕಂಬದ ಮೇಲೆ ಓರೆಯಾಗಿ ಮೂರ್ನಾಲ್ಕು ಮಡಿಕೆ.

ಇವೆರಡರ ನಡುವಿನ ಸ್ಥಿತಿಗಳೇ ಕಷ್ಟ, ಪೆಟ್ಟಿಗೆಯ ಪಟ್ಟಿ ಅವುಗಳ ಬಗ್ಗೆ ಏನೂ ಹೇಳುವುದಿಲ್ಲ. ಪೈಲಾದ ಹೊಕ್ಕುಳು ಕಿರಿದು, ಬಾಯಿಯ ಒಳತುಟಿ ಅದರ ಮೇಲೆ ಅರ್ಧ ಮಡಚಿಕೊಂಡಿರುತ್ತದೆ. ನ್ಯಾಟಿಕಾದಲ್ಲಿ ತೂತಿದೆ, ಆದರೆ ಅದರೊಳಗೆ ಸುಣ್ಣದ ಒಂದು ಗಂಟು ಸೇರಿಕೊಂಡಿರುತ್ತದೆ. ಆ ಗಂಟಿಗೆ ಕ್ಯಾಲಸ್ ಎಂದು ಹೆಸರು, ಮೂಲ ಅರ್ಥ ಗಡುಸಾದ ಚರ್ಮ, ದುಡಿದ ಅಂಗೈಯಲ್ಲಿ ಏಳುವ ಜಡ್ಡಿನಂಥದ್ದು. ಅದರಿಂದ ಸುರುಳಿಯಾಗಿ ಒಳಗೆ ಇಳಿಯುವ ಸಣ್ಣ ಉಬ್ಬುಗೆರೆಗೆ ಫುನಿಕ್ಯುಲಸ್, ಅಂದರೆ ಕಿರುಹಗ್ಗ. ಆಫ್ರಿಕದ ಬಸವನಹುಳುವಿಗೆ ಹೊಕ್ಕುಳೇ ಇಲ್ಲ; ಕಂಬದ ಕೆಳತುದಿ ಚಾಕುವಿನಿಂದ ಕತ್ತರಿಸಿದಂತೆ ಮೊಂಡಾಗಿ ನಿಲ್ಲುತ್ತದೆ. ಕವಡೆಯಲ್ಲಿ ಕೊನೆಯ ಸುತ್ತು ಹಳೆಯ ಸುತ್ತುಗಳನ್ನೆಲ್ಲ ನುಂಗಿಬಿಟ್ಟಿರುತ್ತದೆ, ಅಲ್ಲಿ ಹುಡುಕುವುದು ವ್ಯರ್ಥ.

ನಿಜವಾದ ಹೊಕ್ಕುಳೋ ಸುಳ್ಳೋ ಎಂದು ತಿಳಿಯಲು ಕಸಬರಿಗೆಯ ತೆಳುವಾದ ಒಂದು ಕಡ್ಡಿ ಸಾಕು. ಚಿಪ್ಪಿನ ಬುಡ ಮೇಲೆ ಮಾಡಿ, ಕಡ್ಡಿಯನ್ನು ತೂತಿನಲ್ಲಿ ಒತ್ತಡವಿಲ್ಲದೆ ಇಳಿಸಿ. ಅದು ಕೊನೆಯ ಸುತ್ತಿನ ಎತ್ತರವನ್ನು ದಾಟಿ ಮೇಲಿನ ಸುತ್ತುಗಳವರೆಗೆ ಹೋದರೆ ನಿಜ. ಕೊನೆಯ ಸುತ್ತಿನೊಳಗೇ ತಡೆದು ನಿಂತರೆ ಅದು ತುಟಿಯ ಮಡಿಕೆ ಮಾಡಿದ ಹುಸಿ ಹೊಕ್ಕುಳು. ಒಳಗೆ ಮಣ್ಣು ಒಣಗಿ ಕೂತಿದ್ದರೂ ಕಡ್ಡಿ ತಡೆಯುತ್ತದೆ, ಈ ಪೆಟ್ಟಿಗೆಯ ಬೆಲ್ಲಾಮಿಯಾದಲ್ಲಿ ಹಾಗೇ ಆಗಿದೆ. ಮೊದಲು ಉಗುರುಬೆಚ್ಚನೆಯ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಆಮೇಲೆ ಪರೀಕ್ಷಿಸಿ. ವಿನಿಗರ್ ಹಾಕಿ ತೊಳೆಯಬೇಡಿ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಬಿದ್ದ ಕಡೆಯೆಲ್ಲ ಕರಗಿ ಹೊಳಪು ಹೋಗುತ್ತದೆ.

ಅಗಲವನ್ನು ಅಳೆದು ಬರೆಯುವ ಅಭ್ಯಾಸವೂ ಒಳ್ಳೆಯದು. ಹೊಕ್ಕುಳಿನ ಅಗಲವನ್ನು ಚಿಪ್ಪಿನ ಒಟ್ಟು ಅಗಲದಿಂದ ಭಾಗಿಸಿ ನೂರರಿಂದ ಗುಣಿಸಿ. 24 ಮಿಲಿಮೀಟರ್ ಅಗಲದ ಚಿಪ್ಪಿನಲ್ಲಿ 6 ಮಿಲಿಮೀಟರ್ ಹೊಕ್ಕುಳಿದ್ದರೆ ಶೇ. 25. ಸ್ಕೇಲ್ ಸಾಲದು, ವರ್ನಿಯರ್ ಕ್ಯಾಲಿಪರ್ ಬೇಕು, ಅದು ಪೆಟ್ಟಿಗೆಯಲ್ಲಿಲ್ಲ. ಭೌತಶಾಸ್ತ್ರದ ಲ್ಯಾಬಿನಿಂದ ಎರವಲು ತನ್ನಿ.

ಪಟ್ಟಿ ಮಾಡಿದ ಇನ್ನೊಂದು ಅನಾಹುತ ಇಂಡೊಪ್ಲಾನಾರ್ಬಿಸ್‌ನದ್ದು. ಇದು ಬಿಲ್ಲೆಯಂತೆ ಚಪ್ಪಟೆ, ಎರಡೂ ಬದಿ ತಗ್ಗು. ಪಟ್ಟಿ ಎರಡಕ್ಕೂ ‘ನಾಭಿ’ ಎಂದು ಬಾಣ ಹಾಕಿದೆ. ಒಂದು ಹೊಟ್ಟೆಗೆ ಎರಡು ಹೊಕ್ಕುಳು ಹೇಗೆ ಬಂದೀತು! ಒಂದು ಬದಿಯ ತಗ್ಗು ಕುಸಿದ ಶಿಖರ (ಸುರುಳಿ ಶುರುವಾಗುವ ತುದಿ), ಇನ್ನೊಂದೇ ಹೊಕ್ಕುಳು. ಗುರುತಿಸುವ ಉಪಾಯ ಸರಳ. ಈ ಹುಳು ಎಡಮುರಿ, ಅಂದರೆ ಶಿಖರ ಮೇಲೆ ಮಾಡಿ ಹಿಡಿದರೆ ಬಾಯಿ ಎಡಕ್ಕೆ ಬರುವಂಥದ್ದು, ಎಂಬುದು ಗೊತ್ತಿರುವ ಸಂಗತಿ. ಬಾಯಿ ನಿಮ್ಮ ಕಡೆ ಮುಖಮಾಡಿ ಎಡಕ್ಕೆ ಬರುವಂತೆ ಹಿಡಿಯಿರಿ. ಆಗ ಮೇಲಿರುವ ಬದಿ ಶಿಖರದ್ದು, ಕೆಳಗಿನದು ಹೊಕ್ಕುಳಿನದ್ದು. ಈ ಚಿಪ್ಪನ್ನು ನಮ್ಮ ಭಾಗದ ವಿದ್ಯಾರ್ಥಿಗಳು ಚೆನ್ನಾಗಿ ಗುರುತು ಹಿಡಿಯಬೇಕು, ಏಕೆಂದರೆ ದನಗಳಿಗೆ ಗೊರಕೆ ರೋಗ ತರುವ ಶಿಸ್ಟೊಸೋಮಾ ಹುಳು ಬೆಳೆಯುವುದು ಇದರ ಮೈಯಲ್ಲೇ.

ಎಡ-ಬಲದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಪಟ್ಟಿಯ ಎರಡನೇ ಪುಟದಲ್ಲಿ ಪೈಲಾದ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಹೋಗಿದೆ, ಬಾಯಿ ಎಡಕ್ಕಿದೆ. ಖಾನೆಯಲ್ಲಿರುವ ಪೈಲಾದ ಬಾಯಿ ಬಲಕ್ಕಿದೆ. ರೆಂಬ್ರಾಂಟ್‌ನಂಥವನೇ 1650ರಲ್ಲಿ ಕೋನ್ ಚಿಪ್ಪನ್ನು ಲೋಹದ ಫಲಕದ ಮೇಲೆ ಕೊರೆದಾಗ ಅಚ್ಚಿನಲ್ಲಿ ಅದು ತಿರುಗಿ ಬಂದಿತ್ತು, ಆದರೆ ಅವನು ಪಠ್ಯಸಾಮಗ್ರಿ ಮಾರುತ್ತಿರಲಿಲ್ಲ.

ಪೆಟ್ಟಿಗೆಯ ಜೊತೆ ಅದೇ ಕೌಂಟರಿನಲ್ಲಿ ‘ಬಲಮುರಿ ಶಂಖ’ ಎಂದು ಬೇರೆ ಪೊಟ್ಟಣವೂ ಸಿಗುತ್ತದೆ, ಪೂಜೆಗೂ ಆಯಿತು, ಪಾಠಕ್ಕೂ ಆಯಿತು ಎನ್ನುತ್ತ ಕೊಡುತ್ತಾರೆ. ಇದನ್ನು ಕೊಳ್ಳಬೇಡಿ ಎಂದೇ ನಮ್ಮ ಸಲಹೆ. ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳೋಣ. ಜೀವಶಾಸ್ತ್ರದವರು ಚಿಪ್ಪನ್ನು ಶಿಖರ ಮೇಲೆ ಮಾಡಿ ಹಿಡಿಯುತ್ತಾರೆ, ಪೂಜೆಯವರು ಮೂತಿ ಮೇಲೆ ಮಾಡಿ ಹಿಡಿಯುತ್ತಾರೆ. ಹಾಗಾಗಿ ನಾವು ‘ಬಲಮುರಿ’ ಎನ್ನುವ ಶಂಖ ಜೀವಶಾಸ್ತ್ರದಲ್ಲಿ ಎಡಮುರಿ. ಮನ್ನಾರ್ ಕೊಲ್ಲಿಯ ಪೂಜೆಯ ಶಂಖ ಟರ್ಬಿನೆಲ್ಲ ಪೈರಮ್. ಅದರಲ್ಲಿ ಎಡಮುರಿ ಹುಟ್ಟುವುದು ತೀರ ಅಪರೂಪ, ಅದಕ್ಕೇ ಅಷ್ಟು ಬೆಲೆ. ಆದರೆ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಸಿನಿಸ್ಟ್ರೊಫಲ್ಗರ್ ಎಂಬ ಚಿಪ್ಪು ಸಹಜವಾಗಿಯೇ ಎಡಮುರಿ, ಅಲ್ಲಿ ಅದು ಸಾಮಾನ್ಯ ವಸ್ತು. ಅದನ್ನೇ ತಂದು ಬಲಮುರಿ ಎಂದು ಮಾರುವುದು ಹಳೆಯ ವ್ಯಾಪಾರ.

ಕಂಡುಹಿಡಿಯುವುದು ಹೇಗೆ? ಇಲ್ಲೇ ಕೊಲುಮೆಲ್ಲ ಕೆಲಸಕ್ಕೆ ಬರುತ್ತದೆ. ಶಂಖದ ಬಾಯೊಳಗೆ ಟಾರ್ಚ್ ಬಿಟ್ಟು ಕಿರುಬೆರಳಿನಿಂದ ಒಳಗಂಬವನ್ನು ಸವರಿ. ಟರ್ಬಿನೆಲ್ಲದಲ್ಲಿ ಮೂರ್ನಾಲ್ಕು ಗಟ್ಟಿ ಏಣುಗಳು ಬೆರಳಿಗೆ ಸ್ಪಷ್ಟವಾಗಿ ತಾಗುತ್ತವೆ. ಅಮೆರಿಕದ ಚಿಪ್ಪಿನಲ್ಲಿ ಆ ಏಣುಗಳ ಸಾಲು ಇಲ್ಲ, ಕಂಬ ನುಣ್ಣಗೆ ಜಾರುತ್ತದೆ. ತೂಕವೂ ಹೇಳುತ್ತದೆ: ಅದೇ ಗಾತ್ರದ ಟರ್ಬಿನೆಲ್ಲ ದಪ್ಪ ಗೋಡೆಯದು, ಕೈಯಲ್ಲಿ ಭಾರ. ನಮಗೆ ಸಿಕ್ಕ ಪೊಟ್ಟಣದ ಶಂಖದಲ್ಲಿ ಒಂದು ಏಣೂ ಇರಲಿಲ್ಲ. ಹೋಲಿಸಿ ನೋಡಲು ಪೆಟ್ಟಿಗೆಯೊಳಗಿನ ಸೀಳಿದ ಶಂಖವೇ ಪಕ್ಕದಲ್ಲಿತ್ತು ಎಂಬುದು ಅಂಗಡಿಯವರ ದುರದೃಷ್ಟ.

ಪಟ್ಟಿಯ ಉಳಿದ ಪದಗಳಲ್ಲಿ ಕೆಲವು ಮೆಚ್ಚುವಂತಿವೆ. ‘ವಾಲ್ವ್’ಗೆ ‘ಕವಾಟ’ ಎಂದಿದ್ದಾರೆ, ಇದಕ್ಕಿಂತ ಸರಿಯಾದದ್ದು ಸಿಗದು. ಲ್ಯಾಟಿನ್ನಿನ ವಾಲ್ವ ಎಂದರೆ ಮಡಚುವ ಬಾಗಿಲಿನ ಒಂದು ಪಡಿ, ಕವಾಟ ಎಂದರೂ ಬಾಗಿಲೇ. ಕಪ್ಪೆಚಿಪ್ಪಿನ ಹಲ್ಲುಗಳಿಗೆ ‘ಕಾರ್ಡಿನಲ್’ ಎಂಬ ವಿಶೇಷಣ ಬಂದದ್ದು ಕಾರ್ಡೊ, ಅಂದರೆ ಬಾಗಿಲ ಕೀಲಿನಿಂದ ಎಂದೂ ಬರೆದಿದ್ದರೆ ಮನೆ ಪೂರ್ತಿಯಾಗುತ್ತಿತ್ತು. ‘ಸುತೂರ’ಕ್ಕೆ ಹೊಲಿಗೆ, ‘ಲುನ್ಯೂಲ’ಕ್ಕೆ ಕಿರುಚಂದ್ರ ಸರಿಯಾಗಿವೆ. ‘ಓಪರ್ಕ್ಯುಲಮ್’ ಮುಚ್ಚಳ, ಅದೂ ಸರಿ. ಆದರೆ ಪೈಲಾದ ಸುಣ್ಣದ ಮುಚ್ಚಳವನ್ನು ಒಳಮೈ ಹೊರಗೆ ಮಾಡಿ ಅಂಟಿಸಿದ್ದಾರೆ. ಸ್ನಾಯು ಹಿಡಿದಿದ್ದ ಗುರುತು ಒಳಮೈಯಲ್ಲಿರುತ್ತದೆ, ಅದು ಹೊರಗೆ ಕಾಣುತ್ತಿದ್ದರೆ ಉಲ್ಟಾ ಎಂದರ್ಥ. ಬಿಸಿನೀರಿನ ಬಟ್ಟೆಯನ್ನು ಹತ್ತು ನಿಮಿಷ ಸುತ್ತಿಟ್ಟರೆ ಅಂಟು ಸಡಿಲವಾಗುತ್ತದೆ. ಬ್ಲೇಡಿನಿಂದ ಮೀಟಬೇಡಿ, ಅಂಚು ಚೂರಾಗುತ್ತದೆ.

ಲ್ಯಾಮೆಲ್ಲಿಡೆನ್ಸ್‌ನ ಒಂದು ಕವಾಟವನ್ನು ಹೊಳಪು ಬರುವಂತೆ ಉಜ್ಜಿಟ್ಟಿರುವುದು ಇಷ್ಟವಾಯಿತು. ಒಳಗಿನ ಮುತ್ತಿನ ಪದರದ ಮೇಲೆ ಬೆಳಕು ಆಡುವುದನ್ನು ತೋರಿಸಿ, ಆಮೇಲೆ ಹುಡುಗರನ್ನು ಬೀದರ ಕೋಟೆಯ ರಂಗೀನ್ ಮಹಲಿಗೆ ಕರೆದೊಯ್ಯಿರಿ. ಅಲಿ ಬರೀದನ ಕಾಲದಲ್ಲಿ, 16ನೇ ಶತಮಾನದಲ್ಲಿ, ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಅಲ್ಲಿ ಇಂದಿಗೂ ಬಣ್ಣ ಬದಲಿಸುತ್ತದೆ. ಅದು ಬಳಿದ ಬಣ್ಣವಲ್ಲ. ಅತಿ ತೆಳುವಾದ ಸುಣ್ಣದ ಹಾಳೆಗಳು ಒಂದರ ಮೇಲೊಂದು ಕೂತು ಬೆಳಕನ್ನು ಒಡೆಯುವುದರಿಂದ ಕಾಣುವ ಬಣ್ಣ.

ರಾಳದ ನಾಟಿಲಸ್ ಮತ್ತು ಅದರ ಪಕ್ಕದ ಅಮೋನೈಟ್ (ಅಳಿದುಹೋದ ಸಮುದ್ರಜೀವಿ) ಅಚ್ಚಿಗೆ ಪಟ್ಟಿಯಲ್ಲಿ ‘ನಾಭಿ’ ಎಂದಿರುವುದು ಸರಿ, ಆದರೆ ವಿವರಣೆ ಬೇಕಿತ್ತು. ಇವು ಒಂದೇ ಸಮತಲದಲ್ಲಿ ಸುತ್ತಿಕೊಂಡ ಚಿಪ್ಪುಗಳು. ಇಲ್ಲಿ ಹೊಕ್ಕುಳು ಎಂದರೆ ಅಕ್ಷದ ತೂತಲ್ಲ, ಹಳೆಯ ಸುತ್ತುಗಳು ಕಾಣುವ ನಡುವಿನ ತಗ್ಗು. ಅಮೋನೈಟಿನಲ್ಲಿ ಹೊರಸುತ್ತು ಒಳಸುತ್ತನ್ನು ಎಷ್ಟು ಮುಚ್ಚಿದೆ ಎಂಬುದರ ಮೇಲೆ ಈ ತಗ್ಗು ಹಿರಿದೋ ಕಿರಿದೋ ಆಗುತ್ತದೆ, ಜಾತಿ ಗುರುತಿಸಲು ಅದನ್ನೇ ಅಳೆಯುತ್ತಾರೆ. ಪದ ಒಂದೇ, ಅಳೆಯುವ ಜಾಗ ಬೇರೆ.

ಕೊನೆಗೆ ಪೆಟ್ಟಿಗೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ, ಒಳಗೆ ಅಂಟು ಹಚ್ಚಿ ಕೂರಿಸಿದ ಮಖಮಲ್. ನೋಡಲು ಚಂದ, ಚಿಪ್ಪಿಗೆ ವಿಷ. ಈ ಹಲಗೆ ಮತ್ತು ಅಂಟಿನಿಂದ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ ಮೆಲ್ಲನೆ ಹೊರಬರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಚಿಪ್ಪಿನ ಸುಣ್ಣದೊಡನೆ ಸೇರಿ ಬಿಳಿ ಉಪ್ಪಿನ ಪುಡಿಯಾಗಿ ಏಳುತ್ತದೆ. ಇದಕ್ಕೆ ಬೈನ್ ರೋಗ ಎಂದು ಹೆಸರು. ಬೈನ್ ಎಂಬಾತ 1899ರಲ್ಲಿ ಇದರ ಬಗ್ಗೆ ಬರೆದಾಗ ಕ್ರಿಮಿಯ ಕೆಲಸವೆಂದುಕೊಂಡಿದ್ದ. ಕ್ರಿಮಿಯೂ ಇಲ್ಲ, ಅದು ರೋಗವೂ ಅಲ್ಲ, ಶುದ್ಧ ರಸಾಯನ. ಕಲಬುರಗಿಯ ಬೇಸಿಗೆಯಲ್ಲಿ ಪಾರಾ 42 ಡಿಗ್ರಿ ಮುಟ್ಟಿದಾಗ ಆವಿ ಹೆಚ್ಚು ಹೊರಡುತ್ತದೆ, ಮಳೆಗಾಲದ ತೇವ ಬಂದಾಗ ಪುಡಿ ಏಳುತ್ತದೆ. ಮೊದಲು ಹಾಳಾಗುವುದು ಹೊಳಪಿನ ಕವಡೆ ಮತ್ತು ನ್ಯಾಟಿಕಾ. ಮುಟ್ಟಿದರೆ ಬೆರಳಿಗೆ ಸೀಮೆಸುಣ್ಣದಂತೆ ಹತ್ತುತ್ತದೆ, ಮೂಸಿದರೆ ಸಣ್ಣಗೆ ವಿನಿಗರ್ ವಾಸನೆ. ಹಾಗೆ ಕಂಡರೆ ಚಿಪ್ಪನ್ನು ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ನೆನೆಸಿ, ನೀರು ಎರಡು ಸಲ ಬದಲಿಸಿ, ನೆರಳಲ್ಲಿ ಪೂರ್ತಿ ಒಣಗಿಸಿ. ಕರಗಿಹೋದ ಮೈ ಮರಳಿ ಬರುವುದಿಲ್ಲ, ಮುಂದೆ ಕರಗದಂತೆ ತಡೆಯಬಹುದು ಅಷ್ಟೆ.

ಆದ್ದರಿಂದ ಕೊಂಡ ದಿನವೇ ಚಿಪ್ಪುಗಳನ್ನು ಪೆಟ್ಟಿಗೆಯಿಂದ ತೆಗೆದು ಸ್ಟೀಲ್ ಡಬ್ಬಿಗೋ ಗಾಜಿನ ಬಾಟಲಿಗೋ ಹಾಕಿ. ಹತ್ತಿಯ ಬದಲು ಪಾಲಿಥೀನ್ ಫೋಮ್ ಹಾಸಿ. ಹೆಸರಿನ ಚೀಟಿಯನ್ನು ಆಮ್ಲರಹಿತ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ, ಬಾಲ್‌ಪೆನ್ ಮಸಿ ಹಬ್ಬುತ್ತದೆ. ಖಾಲಿಯಾದ ಪೆಟ್ಟಿಗೆ ಸ್ಲೈಡ್ ಇಡಲು ಚಲೋ ಆಗುತ್ತದೆ.

ಒಳಗಿನ ಕಂಬವನ್ನು ಕತ್ತರಿಸಿ ನೋಡುವ ಆಸೆ ಇದ್ದರೆ ಪೆಟ್ಟಿಗೆಯ ಚಿಪ್ಪನ್ನು ಹಾಳು ಮಾಡಬೇಡಿ. ಮಳೆ ನಿಂತ ಮೇಲೆ ತೋಟದಲ್ಲಿ ಸಿಗುವ ಆಫ್ರಿಕದ ಬಸವನಹುಳುವಿನ ಖಾಲಿ ಚಿಪ್ಪು ಬಳಸಿ, ಗ್ಲೌಸ್ ಹಾಕಿಕೊಂಡು ಎತ್ತಿ, ಕುದಿಸಿ ತೊಳೆಯಿರಿ. ಒಳಗೆ ತೆಳುವಾಗಿ ಕಲಸಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ ಗಟ್ಟಿಯಾಗಲು ಬಿಡಿ. ಇಲ್ಲದಿದ್ದರೆ ಶಿಖರದ ಬಳಿಯ ತೆಳುಗೋಡೆ ಮೊದಲೇ ಒಡೆಯುತ್ತದೆ. ಆಮೇಲೆ ಅಕ್ಷದ ಉದ್ದಕ್ಕೆ, ಬಾಯಿಯ ಪಕ್ಕದಿಂದ, 120 ನಂಬರ್ ನೀರುಕಾಗದದ (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಮೇಲೆ ಉಜ್ಜಿ, ಕಂಬ ಕಂಡ ಮೇಲೆ 400, ಕೊನೆಗೆ 800. ಸದಾ ಒದ್ದೆಯಾಗಿಯೇ ಉಜ್ಜಬೇಕು, ಒಣ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಕಂಬದ ಅರ್ಧಕ್ಕೆ ಬಂದಾಗ ನಿಲ್ಲಿಸಿ. ದಾಟಿದರೆ ಕಂಬವೇ ಮಾಯವಾಗಿ ಬರೀ ಖಾಲಿ ಕೋಣೆಗಳ ಸಾಲು ಉಳಿಯುತ್ತದೆ.

ಅಂಗಡಿಯ ಸೇವೆಗೆ ತಕರಾರಿಲ್ಲ, ಸಾಗಣೆಯಲ್ಲಿ ಒಡೆದ ಸ್ಕಾಲಪ್‌ಗೆ ಬದಲಿ ಕೊಟ್ಟರು. ಪಟ್ಟಿಯ ತಪ್ಪು ತೋರಿಸಿದಾಗ ಮುಂದಿನ ಅಚ್ಚಿನಲ್ಲಿ ತಿದ್ದುತ್ತೇವೆ ಎಂದಿದ್ದಾರೆ. ಸದ್ಯ ರ‍್ಯಾಕಿನಲ್ಲಿರುವುದು ಹಳೆಯ ಅಚ್ಚೇ. ಕೊಳ್ಳುವ ಮೊದಲು ಮುಚ್ಚಳ ತೆರೆಸಿ, ನಾಲ್ಕನೇ ಸಾಲಿನ ಕೆಳಗೆ ಅಂಬೋ ಎದುರು ಏನು ಬರೆದಿದೆ ನೋಡಿ. ಇನ್ನೂ ‘ನಾಭಿ’ ಎಂದೇ ಇದ್ದರೆ ಒಂದು ಪೆನ್ನು ಜೇಬಿನಲ್ಲಿರಲಿ.